ಶಾಶ್ವತ ವರ್ಗದ ಗುಂಡಿ ಡಬ್ಬಿ

ಸುದ್ದಿ ಬಂದಾಗ ಹುಡುಕಪ್ಪ ತರಬೇತಿಯಲ್ಲಿ ಕೂತಿದ್ದ. ಸರ್ಕಾರಿ ಕಚೇರಿಗಳು ಯಾವ ಕಾಗದವನ್ನು ಎಷ್ಟು ಕಾಲ ಕಾಪಾಡಬೇಕು, ಕಂಪ್ಯೂಟರಿನ ಹೊಟ್ಟೆಗೆ ಹೋದದ್ದನ್ನು ಯಾವಾಗ ಅಳಿಸಬೇಕು ಎಂಬ ಗಹನವಾದ ವಿಷಯ. ಊಟದ ನಂತರದ ಹೊತ್ತು. ಬೋಧಿಸುತ್ತಿದ್ದ ಅಧಿಕಾರಿ, "ಕಂಪ್ಯೂಟರ್ ಕೆಟ್ಟಿದೆಯೆಂಬ ದೂರು, ಒಂದು ವರ್ಷ. ಯಂತ್ರದ ಜೊತೆ ಬಂದ ಪುಸ್ತಕ, ಯಂತ್ರ ಇರುವ ತನಕ. ಕಡತಗಳ ಸೂಚಿ, ಕಡತಗಳು ಇರುವ ತನಕ," ಎಂದು ರಾಗವಾಗಿ ಓದುತ್ತಿದ್ದರು. ಆ ರಾಗಕ್ಕೆ ಅರ್ಧ ಕೋಣೆ ತೂಗುತ್ತಿತ್ತು.

ಆಗ ಎಲ್ಲಿಯೋ ಫೋನು ಬಡಿದುಕೊಂಡಿತು. ಹುಡುಕಪ್ಪ ಮೊದಲು ಅಂಗಿಯ ಜೇಬು ನೋಡಿದ, ಆಮೇಲೆ ಪ್ಯಾಂಟಿನ ಜೇಬು, ಆಮೇಲೆ ಪಕ್ಕದವನ ಜೇಬು. ಕೊನೆಗೆ ಅದು ಅವನ ಊಟದ ಡಬ್ಬಿಯ ಚೀಲದಲ್ಲಿ ಸಿಕ್ಕಿತು. ಅವನಿಗೆ ಹುಡುಕಪ್ಪ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಮನೆಯೆಲ್ಲ ಕನ್ನಡಕ ಹುಡುಕುವುದು, ಕೈಯಲ್ಲಿ ಕಡತ ಹಿಡಿದುಕೊಂಡು ಅದೇ ಕಡತಕ್ಕಾಗಿ ಬೀರುಗಳನ್ನು ಜಾಲಾಡುವುದು ಅವನ ಜಾಯಮಾನ. ಕಚೇರಿಯಲ್ಲಿ ಎದುರಿಗೆ "ಗುಮಾಸ್ತರೇ" ಎಂದವರೂ ಬೆನ್ನ ಹಿಂದೆ ಹುಡುಕಪ್ಪ ಎಂದೇ ಅನ್ನುತ್ತಿದ್ದರು. ಬೀದಿಯಲ್ಲಿ ಎದುರಿಗೂ ಅದೇ.

ಫೋನಿನಲ್ಲಿ ಹೆಂಡತಿಯ ದನಿ. "ರೀ, ಅಕ್ಕ ಹೋಗ್ಬಿಟ್ರು. ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಕೊಂಡಿದ್ರು. ಕಣ್ಣು ಮುಚ್ಚಿ ಸುಧಾರಿಸ್ಕೋತಿದಾರೆ ಅಂದ್ಕೊಂಡೆ ನಾನು."

ಅಧಿಕಾರಿ ಓದು ನಿಲ್ಲಿಸಿ ಗದರಿದರು. "ಫೋನು ಆರಿಸಿ ಅಂತ ಬೆಳಿಗ್ಗೇನೇ ಹೇಳಿರಲಿಲ್ವೇನ್ರೀ?"

ಹುಡುಕಪ್ಪ ಎದ್ದು ನಿಂತ. "ಕ್ಷಮಿಸಿ ಸಾರ್. ನಮ್ಮಕ್ಕ ತೀರಿಕೊಂಡಳಂತೆ. ಈಗ ಹೋಗಬಹುದೇ, ಇಲ್ಲಾ ಇದು ಮುಗಿಸಿಕೊಂಡು ಹೋಗಲೇ?"

ತೂಗುತ್ತಿದ್ದ ತಲೆಗಳೆಲ್ಲ ನೆಟ್ಟಗಾದವು. ಅಧಿಕಾರಿಗೆ ಏನು ಮಾಡಬೇಕೋ ತೋಚಲಿಲ್ಲ. "ಹೋಗಿ ಇವರೇ, ಈಗಲೇ ಹೋಗಿ," ಎನ್ನುತ್ತ ಹತ್ತಿರ ಬಂದರು, ಭುಜ ಮುಟ್ಟಿದರು, ಕೈಯಲ್ಲಿ ಬೇರೇನೂ ಇರಲಿಲ್ಲವಾಗಿ ತರಬೇತಿಯ ಚೀಲವನ್ನೇ ಅವನ ಎದೆಗೆ ಒತ್ತಿದರು. ದುಃಖದಲ್ಲಿರುವವನ ಕೈಗೆ ಜನ ಒಂದು ಲೋಟ ನೀರು ಕೊಡುತ್ತಾರೆ, ಕರವಸ್ತ್ರ ಕೊಡುತ್ತಾರೆ. ಹುಡುಕಪ್ಪನ ಪಾಲಿಗೆ ಬಂದದ್ದು ದಾಖಲೆಗಳ ಅವಧಿಯನ್ನು ಗೊತ್ತುಮಾಡುವ ಒಂದು ದಪ್ಪ ಕೈಪಿಡಿ ಮತ್ತು ಅಂಟು ಚೀಟಿಯ ಮೂರು ಸುರುಳಿ: ನಾಶಕ್ಕೆ ಕೆಂಪು, ಪರಿಶೀಲನೆಗೆ ಹಳದಿ, ಶಾಶ್ವತಕ್ಕೆ ಹಸಿರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆಯಂತೆ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡಲಾರದೆ ಅವನು ಆ ಕೈಪಿಡಿಯನ್ನು ಬಿಡಿಸಿದ. ಲೋಕದಲ್ಲಿ ಯಾವುದು ಎಷ್ಟು ದಿನ ಇರಬೇಕೆಂದು ಇಷ್ಟು ಖಡಾಖಂಡಿತವಾಗಿ ಹೇಳುವ ಪುಸ್ತಕವನ್ನು ಅವನು ಅದುವರೆಗೆ ನೋಡಿರಲಿಲ್ಲ. ಮನೆ ತಲಪುವ ಹೊತ್ತಿಗೆ ಅರ್ಧ ಓದಿ ಮುಗಿಸಿದ್ದ.

ಅಕ್ಕ ಅವನಿಗೆ ಅಕ್ಕ ಮಾತ್ರ ಆಗಿರಲಿಲ್ಲ. ತಾಯಿತಂದೆ ಒಬ್ಬರ ಹಿಂದೊಬ್ಬರು ಹೋದಾಗ ಇವನಿನ್ನೂ ಚಡ್ಡಿಯ ಹುಡುಗ. ಅವಳು ಮದುವೆಯ ವಯಸ್ಸಿನವಳು. ಮದುವೆಯ ಮಾತು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತಳು, ಕೂತವಳು ಏಳಲಿಲ್ಲ. ಬೀದಿಯ ಬಟ್ಟೆಯೆಲ್ಲ ಅವಳ ಸೂಜಿಯ ಕೆಳಗೆ ಹಾದುಹೋಯಿತು. ಹೊಲಿದ ಪ್ರತಿ ಉಡುಪಿನ ಒಂದು ಜೋಡಿ ಗುಂಡಿಯನ್ನು ಅವಳು ಹಳೆಯ ಬಿಸ್ಕತ್ತಿನ ದುಂಡು ಡಬ್ಬಿಗೆ ಹಾಕಿ ಇಡುತ್ತಿದ್ದಳು. ಯಾರದಾದರೂ ಗುಂಡಿ ಉದುರಿದರೆ ಡಬ್ಬಿಯಲ್ಲಿ ಅದರ ತಂಗಿ ಕಾದಿರುತ್ತಿತ್ತು. ಹುಡುಗ ಹೆದರಿಕೊಂಡಾಗ, ಜ್ವರ ಬಂದಾಗ, ಪರೀಕ್ಷೆಯಲ್ಲಿ ಕೆಟ್ಟಾಗ ಅವಳು ಡಬ್ಬಿಯ ಮುಚ್ಚಳ ತೆಗೆದು, "ಕೈ ಹಾಕು. ಕಲಕು. ಸರಿಹೋಗುತ್ತೆ," ಎನ್ನುತ್ತಿದ್ದಳು. ಸರಿಹೋಗುತ್ತಿತ್ತು. ತಲೆ ಬೆಳ್ಳಗಾದ ಮೇಲೂ, ಕಚೇರಿಯಲ್ಲಿ ಮೇಲಧಿಕಾರಿ ಮೇಡಂ ಬೈದ ದಿನ ಅವನು ಚಪ್ಪಲಿ ಬಿಡುವ ಮೊದಲೇ ಹೋಗಿ ಡಬ್ಬಿಗೆ ಕೈ ಹಾಕಿ ನಿಲ್ಲುತ್ತಿದ್ದ. ಅಕ್ಕ ಯಂತ್ರ ತುಳಿಯುತ್ತಲೇ ಇರುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ.

ಅಂತ್ಯಕ್ರಿಯೆ ಮುಗಿಯಿತು. ಹುಡುಕಪ್ಪನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಇದನ್ನು ಮೊದಲು ಗಮನಿಸಿದವರು ಚಿಕ್ಕಪ್ಪ. ಸಾವಿನ ಮನೆಗೆ ಮೊದಲು ಬಂದು ಕೊನೆಗೆ ಹೋಗುವ ಒಬ್ಬ ನೆಂಟ ಪ್ರತಿ ಮನೆತನಕ್ಕೂ ದೇವರು ಕೊಟ್ಟಿರುತ್ತಾನೆ. ಈ ಮನೆತನಕ್ಕೆ ಕೊಟ್ಟದ್ದು ಈ ಚಿಕ್ಕಪ್ಪನನ್ನು.

"ಹೊತ್ತು ಸಾಕಿದವಳು ಕಣೋ! ಒಂದು ತೊಟ್ಟು ಕಣ್ಣೀರಿಲ್ವಲ್ಲ ನಿನಗೆ. ಕಲ್ಲೇನೋ ನೀನು?"

ಹುಡುಕಪ್ಪ ಕೈಪಿಡಿಯ ಹಾಳೆ ಮಗುಚಿದ. "ಕಣ್ಣೀರಿನ ವಿಷಯ ಇದರಲ್ಲಿ ಬಂದಿಲ್ಲ ಚಿಕ್ಕಪ್ಪ."

ಚಿಕ್ಕಪ್ಪ ಅವನ ಹೆಂಡತಿಯ ಮುಖ ನೋಡಿದರು. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಅಳದಿದ್ದರೆ ಹೋಗಲಿ, ಸುಮ್ಮನಾದರೂ ಇದ್ದನೇ? ಮರುದಿನ ಚಿಕ್ಕಪ್ಪ ಹೊಲಿಗೆ ಯಂತ್ರವನ್ನು ಸವರಿ, "ಪಾಪ, ಕೈಯಾಡದಿದ್ರೆ ತುಕ್ಕು ಹಿಡಿದುಬಿಡುತ್ತೆ. ನಮ್ಮ ಸೊಸೆ ಹತ್ರ ಇದ್ದಿದ್ರೆ..." ಎಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಮುಗಿಯುವ ಮೊದಲೇ ಹುಡುಕಪ್ಪ ಸುರುಳಿಗಳನ್ನು ಹಿಡಿದು ಎದ್ದ.

"ಯಾರೂ ಏನೂ ಮುಟ್ಟಬಾರದು. ಎಲ್ಲಕ್ಕೂ ಒಂದು ಅವಧಿ ಇದೆ. ನಿಯಮ ನೋಡಿ ಹೇಳ್ತೀನಿ."

ಸಂಜೆಯ ಒಳಗೆ ಮನೆಗೆ ಬಣ್ಣ ಬಂತು. ಹರಿದ ಚಾಪೆಗೆ ಕೆಂಪು, ಅಕ್ಕನ ಛತ್ರಿಗೆ ಹಳದಿ, ಯಂತ್ರಕ್ಕೆ ಹಳದಿ, ಬಾಣಲೆಗೆ ಕೆಂಪು.

"ಬಾಣಲೆ ನಂದು ಕಣ್ರೀ!" ಎಂದಳು ಹೆಂಡತಿ.

"ತಳ ಸುಟ್ಟಿದೆ. ಅವಧಿ ಮೀರಿದೆ."

"ನಿಮಗೂ ಒಂದು ಕೆಂಪು ಅಂಟಿಸ್ತೀನಿ, ಸುಮ್ಮನಿರಿ!"

ಚಿಕ್ಕಪ್ಪ ಊಟ ಮಾಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎದ್ದು ತಿರುಗಾಡಿಕೊಂಡು ಬರಲು ಹೊರಟಾಗ ಬೀದಿಯವರೆಲ್ಲ ಬೆನ್ನು ನೋಡಿ ನಗುತ್ತಿದ್ದರು. ಬೆನ್ನಿನ ಮೇಲೆ ಹಳದಿ ಚೀಟಿ: ಪರಿಶೀಲನೆ ಬಾಕಿ ಇದೆ. ಅದನ್ನು ಬೇಕೆಂದೇ ಅಂಟಿಸಿದನೋ, ಛತ್ರಿ ಎಂದುಕೊಂಡು ಅಂಟಿಸಿದನೋ, ಹುಡುಕಪ್ಪನನ್ನು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ.

ಎದುರುಮನೆ ಅಜ್ಜಿ ಬಂದಳು. ಅವಳ ಹೊಸ ಕುಪ್ಪಸ ಯಂತ್ರದ ಮೇಲೆಯೇ ಇತ್ತು. ಒಂದು ತೋಳು ಕೂಡಿಸಿತ್ತು, ಇನ್ನೊಂದು ಬಾಕಿ. ಅದನ್ನು ಕೂಡಿಸುತ್ತಿರುವಾಗಲೇ ಅಕ್ಕ ತಲೆ ಇಟ್ಟದ್ದು.

"ಆ ಒಂದು ತೋಳಿನದನ್ನೇ ಕೊಟ್ಟುಬಿಡು ಮಗ. ಅವಳ ಕೈಯಿಂದಾದ ಕೊನೇದು."

"ಅಜ್ಜಿ, ಇದು ಮುಕ್ತಾಯವಾಗದ ಕಡತ. ಮುಗಿದ ಮೇಲೇನೇ ಅವಧಿಯ ಲೆಕ್ಕ ಶುರುವಾಗೋದು."

"ಮುಗಿಸೋಳು ಹೋದಳಲ್ಲೋ!"

ಹುಡುಕಪ್ಪ ಕೈಪಿಡಿಯಲ್ಲಿ ಬಹಳ ಹೊತ್ತು ಹುಡುಕಿದ. ಮುಗಿಸುವವಳು ಹೋದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಕುಪ್ಪಸವನ್ನು ಅಜ್ಜಿಯ ಕೈಗೆ ಕೊಟ್ಟು ಒಳಗೆ ಹೋದ.

ಹಸಿರು ಚೀಟಿಯನ್ನು ಅವನು ಇಡೀ ಮನೆಯಲ್ಲಿ ಒಂದೇ ಕಡೆ ಬಳಸಿದ. ಕಚೇರಿಯಿಂದ ತಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಯಲ್ಲಿ ಅಕ್ಕನ ಕನ್ನಡಕ, ಕತ್ತರಿ, ಗುಂಡಿಯ ಡಬ್ಬಿ ಇಟ್ಟು, ಮುಚ್ಚಿ, ನಾಲ್ಕೂ ಕಡೆಗೆ ಹಸಿರು ಅಂಟಿಸಿದ. ಶಾಶ್ವತ.

ಇಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಡಂ ಫೋನು ಮಾಡಿದರು.

"ನಿಮ್ಮ ದುಃಖ ನನಗೆ ಅರ್ಥವಾಗುತ್ತೆ ಗುಮಾಸ್ತರೇ. ನಿಧಾನವಾಗಿ ಸುಧಾರಿಸಿಕೊಳ್ಳಿ. ಸೋಮವಾರ ತಪಾಸಣೆ ಇದೆ."

ರಜೆಯಲ್ಲಿರುವವನನ್ನು ಕಚೇರಿಗೆ ಕರೆಸುವುದು ನಿರ್ದಯ ಎಂದು ಮೇಡಂ ಕಚೇರಿಯನ್ನೇ ಅವನ ಮನೆಗೆ ಕಳಿಸಿದರು. ಜೀಪಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರ ತುಂಬ ಹಳೆಯ ಕಂಪ್ಯೂಟರಿನಿಂದ ಪ್ರತಿ ತೆಗೆದಿಟ್ಟ ಸಿ.ಡಿ.ಗಳು. ಅಪ್ಪಣೆ ಸರಳವಾಗಿತ್ತು: ಅವಧಿ ಮೀರಿದ್ದನ್ನು ಮುರಿದು ನಾಶಮಾಡುವುದು, ಶಾಶ್ವತವಾಗಿ ಇಡತಕ್ಕದ್ದು ಇದ್ದರೆ ಹಸಿರು ಚೀಟಿ ಅಂಟಿಸಿ ಇಡುವುದು, ಜೀಪು ಬಂದು ಒಯ್ಯುತ್ತದೆ.

ಹುಡುಕಪ್ಪ ಶ್ರದ್ಧೆಯಿಂದ ಪಟ್ಟಿ ನೋಡಿದ. ಎಲ್ಲದರ ಅವಧಿಯೂ ಮೀರಿತ್ತು. ಹೆಂಡತಿಯ ಕುಟ್ಟಾಣಿ ತಂದು ಎಲ್ಲವನ್ನೂ ಮುರಿದು ಅದೇ ಪೆಟ್ಟಿಗೆಗೆ ತುಂಬಿ ಕೆಂಪು ಚೀಟಿ ಅಂಟಿಸಿದ. ಹೊಳೆಯುವ ಚೂರುಗಳನ್ನು ಕಂಡು ಅಜ್ಜಿ, "ಕೊಡೋ, ಮಾಳಿಗೆ ಮೇಲೆ ಕಟ್ತೀನಿ, ಪಾರಿವಾಳ ಹೆದರ್ತವೆ," ಎಂದು ಒಯ್ದಳು. ಸರ್ಕಾರದ ಹಳೆಯ ಜ್ಞಾನವೆಲ್ಲ ಅಜ್ಜಿಯ ಮಾಳಿಗೆಯಲ್ಲಿ ಗಾಳಿಗೆ ತಿರುಗತೊಡಗಿತು. ಪಾರಿವಾಳಗಳು ಅದರ ಪಕ್ಕದಲ್ಲಿಯೇ ಗೂಡು ಕಟ್ಟಿದವು.

ಮರುದಿನ ಜೀಪು ಬಂದಾಗ ಹುಡುಕಪ್ಪ ಬಚ್ಚಲಲ್ಲಿ ಸಾಬೂನು ಹುಡುಕುತ್ತಿದ್ದ. ಸಾಬೂನು ಕೈಯಲ್ಲಿಯೇ ಇತ್ತು.

"ಅಮ್ಮಾ, ಹಸಿರು ಚೀಟಿ ಪೆಟ್ಟಿಗೆ ಇದ್ರೆ ಕೊಡಬೇಕಂತೆ," ಎಂದ ಜೀಪಿನವನು.

ಹೆಂಡತಿ ನೋಡಿದಳು. ಹಸಿರು ಚೀಟಿಯ ಪೆಟ್ಟಿಗೆ ಇತ್ತು. ಕೊಟ್ಟಳು.

ಹುಡುಕಪ್ಪ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ. ಅಕ್ಕನ ಕೋಣೆಗೆ ಹೋದವನು ಹಾಗೇ ತಿರುಗಿ ಬಂದ.

"ಇಲ್ಲಿದ್ದ ಪೆಟ್ಟಿಗೆ ಎಲ್ಲೇ?"

"ಜೀಪಿನವರು ತಗೊಂಡು ಹೋದ್ರಲ್ಲ."

"ಅದನ್ಯಾಕೆ ಕೊಟ್ಟೆ?"

"ಹಸಿರು ಚೀಟಿದು ಕೊಡಿ ಅಂದ್ರು, ಕೊಟ್ಟೆ. ಹಸಿರು ಚೀಟಿ ಅಂಟಿಸಿದ್ದು ಯಾರು? ನಾನಾ?"

ಅವನು ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಚಿಕ್ಕಪ್ಪನ ಚಪ್ಪಲಿ ಮೆಟ್ಟಿಕೊಂಡು ಓಡಿದ.

ಕಚೇರಿಯ ರೆಕಾರ್ಡ್ ರೂಮಿಗೆ ಒಬ್ಬ ಯಜಮಾನನಿದ್ದ. ಸೊಂಟದ ಸುತ್ತ ಬೀಗದ ಕೈಗಳ ಗೊಂಚಲು; ನಡೆದರೆ ಗಂಟೆ ಕಟ್ಟಿದ ದನ ಬಂದಂತೆ ಸದ್ದು. ಬೀಗಪ್ಪ ಎಂದರೆ ಎಲ್ಲರಿಗೂ ಗೊತ್ತು. ಹುಡುಕಪ್ಪ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಪೆಟ್ಟಿಗೆಗೆ ನಂಬರು ಬಿದ್ದು, ಕಬ್ಬಿಣದ ಜಾಲರಿಯ ಒಳಗೆ ಮೇಲಿನ ಅಟ್ಟಣಿಗೆ ಏರಿತ್ತು.

"ಒಳಗೇನಿದೆ ಅಂತ ನೋಡಲಿಲ್ವೇ?"

"ಶಾಶ್ವತದ ಪೆಟ್ಟಿಗೆ ತೆರೆಯೋಕೆ ಎರಡು ಸಹಿ ಬೇಕು ಗುಮಾಸ್ತರೇ. ತೆರೆಯದೆ ಸೇರಿಸೋಕೆ ಒಂದು ಸಾಕು. ನನ್ನ ಹತ್ರ ಇದ್ದದ್ದು ಒಂದು."

"ಅದರಲ್ಲಿ ನಮ್ಮಕ್ಕನ ಗುಂಡಿ ಡಬ್ಬಿ ಇದೆ ಬೀಗಪ್ಪ."

ಬೀಗಪ್ಪನ ಮುಖ ಇಳಿಯಿತು. ಒಳ್ಳೆಯ ಮನುಷ್ಯ. ಕಂಪ್ಯೂಟರಿನ ಮುಂದೆ ಕೂತು ನಂಬರನ್ನು ತೆಗೆಯಲು ನೋಡಿದ. ಪರದೆಯ ಮೇಲೆ ಒಂದು ಸಾಲು ಮೂಡಿತು: ಶಾಶ್ವತ ದಾಖಲೆಯನ್ನು ಅಳಿಸಲು ಬರುವುದಿಲ್ಲ, ಸರಿಯೇ? ಅದರ ಕೆಳಗೆ ಒತ್ತಲು ಒಂದೇ ಒಂದು ಉತ್ತರ ಇತ್ತು: ಸರಿ. ಬೀಗಪ್ಪ ಬಹಳ ಹೊತ್ತು ಯೋಚಿಸಿ ಅದನ್ನೇ ಒತ್ತಿದ.

"ಚಿಂತೆ ಮಾಡಬೇಡಿ," ಎಂದು ಸಮಾಧಾನ ಹೇಳಿದ. "ಒಳ್ಳೇ ಜಾಗ. ಇಲಿ ಬರಲ್ಲ, ಗೆದ್ದಲು ಬರಲ್ಲ. ನಾನು ನೀವು ಸತ್ತರೂ ಡಬ್ಬಿ ಇರುತ್ತೆ."

ಹುಡುಕಪ್ಪನಿಗೆ ಸಮಾಧಾನವಾಗಲಿಲ್ಲ. ಮೇಡಂ ಬಳಿ ಹೋದ. ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು.

"ನೋಡಿ, ಈಗ ಅದನ್ನ ತೆಗೆದುಬಿಟ್ರೆ ಶಾಶ್ವತ ದಾಖಲೆ ಕಾಣೆಯಾಗಿದೆ ಅಂತ ತಪಾಸಣೆ ಸಾಹೇಬರು ಬರೀತಾರೆ. ಇಟ್ರೆ, ಸರ್ಕಾರದ ದಾಖಲೆಯಲ್ಲಿ ಗುಂಡಿ ಡಬ್ಬಿ ಯಾಕಿದೆ ಅಂತ ಬರೀತಾರೆ. ಕಾಣೆಯಾದ್ರೆ ನನ್ನ ಕೆಲಸ ಹೋಗುತ್ತೆ. ಇದ್ರೆ ಬರೀ ನಿಮ್ಮ ಮಾನ ಹೋಗುತ್ತೆ. ಇರಲಿ ಬಿಡಿ."

"ಒಂದು ಸಲ ಕೈ ಹಾಕಿ ಬರಲೇ ಮೇಡಂ? ತೆಗೆಯಲ್ಲ. ಬರೀ ಕೈ ಹಾಕ್ತೀನಿ."

ಮೇಡಂ ಕಿಟಕಿಯ ಕಡೆ ತಿರುಗಿದರು. "ತಪಾಸಣೆ ಮುಗಿಯೋ ತನಕ ಬೇಡ ಗುಮಾಸ್ತರೇ," ಎಂದರು. ದನಿ ಮಾತ್ರ ಮೆತ್ತಗಿತ್ತು.

ಹುಡುಕಪ್ಪ ವಾಪಸು ಬಂದು ಜಾಲರಿಯ ಮುಂದೆ ನಿಂತ. ಬೀಗಪ್ಪ ಆ ಕಡೆ ಈ ಕಡೆ ನೋಡಿದ. "ತೆರೆಯೋಕೆ ನನಗೆ ಅಧಿಕಾರವಿಲ್ಲ. ಆದ್ರೆ ಧೂಳು ಹೊಡೆಯೋಕೆ ಇದೆ," ಎಂದು ಏಣಿ ಹತ್ತಿ, ಬಟ್ಟೆಯಿಂದ ಪೆಟ್ಟಿಗೆಯನ್ನು ಒರೆಸುವ ನೆಪದಲ್ಲಿ ಮೆಲ್ಲಗೆ ಅಲ್ಲಾಡಿಸಿದ. ಒಳಗೆ ಗುಂಡಿಗಳು ಗಲಗಲ ಅಂದವು. ಹುಡುಕಪ್ಪ ಕಣ್ಣು ಮುಚ್ಚಿ ಕೇಳಿದ.

"ಇನ್ನೊಂದು ಸಲ ಧೂಳು ಹೊಡಿ ಬೀಗಪ್ಪ."

ಬೀಗಪ್ಪ ಹೊಡೆದ. ಆ ಪೆಟ್ಟಿಗೆಯಷ್ಟು ಸ್ವಚ್ಛವಾದ ಪೆಟ್ಟಿಗೆ ಆ ಕಚೇರಿಯಲ್ಲಿ ಹಿಂದೆಂದೂ ಇರಲಿಲ್ಲ.

ಮನೆಗೆ ಬಂದವನು ಊಟ ಮುಟ್ಟಲಿಲ್ಲ. ನಡೆದದ್ದನ್ನು ಹೇಳಿ ಗೋಡೆಗೊರಗಿ ಕೂತ. ಹೆಂಡತಿ ಬೈಯಲೆಂದು ಬಾಯಿ ತೆರೆದಳು, ಅವನ ಮುಖ ನೋಡಿ ಮುಚ್ಚಿದಳು. ಚಿಕ್ಕಪ್ಪ ಮಾತ್ರ, "ಒಂದು ಡಬ್ಬಿಗೆ ಇಷ್ಟು, ಅಕ್ಕನಿಗೆ ಒಂದು ಹನಿ ಇಲ್ಲ," ಎಂದು ಗೊಣಗಿದರು.

"ಸುಮ್ಮನಿರಿ ಚಿಕ್ಕಪ್ಪ," ಎಂದು ಹೆಂಡತಿ ಕೈಪಿಡಿಯನ್ನು ಎತ್ತಿಕೊಂಡಳು. "ಸೇರಿಸೋಕೆ ಇಷ್ಟು ದಪ್ಪ ಪುಸ್ತಕ ಬರೆದೋರು ವಾಪಸ್ ತರೋಕೆ ಒಂದು ಸಾಲು ಬರೆದಿರಲ್ವಾ?"

ಒಲೆಯ ಪಕ್ಕ ಕೂತು, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು. ಸಾರು ಉಕ್ಕಿತು, ಅವಳು ಏಳಲಿಲ್ಲ. ಕೊನೆಗೆ ಬೆರಳು ನಿಂತಿತು.

"ಇಲ್ಲಿ ಕೇಳಿ. 'ಕಡತಗಳ ಸೂಚಿಯು, ಸಂಬಂಧಪಟ್ಟ ಕಡತಗಳು ಚಾಲ್ತಿಯಲ್ಲಿರುವಷ್ಟು ಕಾಲವೂ, ಅವು ಇರುವ ಸ್ಥಳದಲ್ಲಿಯೇ ಇರತಕ್ಕದ್ದು. ತಪ್ಪಾಗಿ ಬೇರೆಡೆ ಸೇರಿದ್ದಲ್ಲಿ ಹಿಂದಿರುಗಿಸತಕ್ಕದ್ದು.' ಸೂಚಿ ಅಂದ್ರೇನ್ರೀ?"

"ಯಾವ ಕಡತ ಯಾರದ್ದು, ಯಾವ ಕಾಲದ್ದು ಅಂತ ತೋರಿಸೋದು."

"ಅಕ್ಕನ ಡಬ್ಬಿ ಮತ್ತೇನು? ಒಂದು ಗುಂಡಿ ಎತ್ತಿದ್ರೆ, ಇದು ಇಂಥವರ ಅಂಗಿದು, ಇಂಥ ವರ್ಷದ್ದು ಅಂತ ಹೇಳ್ತಿರಲಿಲ್ವಾ ಅವರು?"

ಹುಡುಕಪ್ಪ ನೆಟ್ಟಗೆ ಕೂತ. ಮತ್ತೆ ಕುಗ್ಗಿದ. "ಸೂಚಿ ಸರಿ. ಕಡತ ಎಲ್ಲಿವೆಯೇ?"

ಹೆಂಡತಿ ಕಿಟಕಿಯ ಹೊರಗೆ ತೋರಿಸಿದಳು. ಬೀದಿಯ ಉದ್ದಕ್ಕೂ ಹಗ್ಗಗಳ ಮೇಲೆ ಬಟ್ಟೆ ಹಾರಾಡುತ್ತಿದ್ದವು. "ಅಲ್ಲಿ ಒಣಗ್ತಿವೆ ನೋಡಿ."

ಎದುರುಮನೆ ಅಜ್ಜಿಗೆ ಒಂದು ಮಾತು ಹೇಳಿದರೆ ಸಾಕು, ಬೀದಿಗೆ ಡಂಗುರ ಹೊಡೆಸುವ ಖರ್ಚು ಉಳಿಯುತ್ತದೆ. ಹೆಂಡತಿ ಹೋಗಿ ಆ ಒಂದು ಮಾತು ಹೇಳಿ ಬಂದಳು.

ಸೋಮವಾರ ತಪಾಸಣೆ ಸಾಹೇಬರು ಬಂದರು. ಕಡ್ಡಿಯಂಥ ಮನುಷ್ಯ, ಕಪ್ಪು ಕೋಟು. ಕೋಟಿನ ನಡುವಿನ ಗುಂಡಿ ಉದುರಿಹೋಗಿತ್ತು. ಆ ಜಾಗವನ್ನು ಅವರು ಒಂದು ಕೈಯಿಂದ ಮುಚ್ಚಿಕೊಂಡೇ ತಪಾಸಣೆ ಮಾಡುತ್ತಿದ್ದರು. ಇನ್ನೊಂದು ಕೈ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

"ಅವಧಿ ಮೀರಿದ ಸಿ.ಡಿ.ಗಳು?"

"ಮುರಿದಾಯ್ತು ಸಾರ್," ಎಂದ ಹುಡುಕಪ್ಪ.

"ಚೂರುಗಳು?"

"ಪಾರಿವಾಳದ ಸುಪರ್ದಿನಲ್ಲಿವೆ ಸಾರ್."

ಮೇಡಂ ಕೆಮ್ಮಿದರು. ಸಾಹೇಬರು ಮುಂದಿನ ಸಾಲಿಗೆ ಹೋದರು. "ಶಾಶ್ವತ ವರ್ಗದಲ್ಲಿ ಹೊಸ ಪೆಟ್ಟಿಗೆ ಒಂದು. ತೆಗೆಯಿರಿ."

ಎರಡು ಸಹಿ ಬಿದ್ದವು. ಪೆಟ್ಟಿಗೆ ಮೇಜಿಗೆ ಬಂತು. ಸಾಹೇಬರು ಕನ್ನಡಕ ತೆಗೆದಿಟ್ಟರು, ಕತ್ತರಿ ತೆಗೆದಿಟ್ಟರು, ಡಬ್ಬಿಯ ಮುಚ್ಚಳ ಎತ್ತಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಮೇಡಂ ದೇವರನ್ನು ನೆನೆದರು.

"ಇದೇನು?"

ಹುಡುಕಪ್ಪ ಬಾಯಿ ತೆರೆದ. ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನೆಲ್ಲ ತಲೆಯೊಳಗೆ ಹುಡುಕಿದ. ಒಂದೇ ಶಬ್ದ ಸಿಕ್ಕಿತು.

"ಸೂಚಿ ಸಾರ್."

"ಸೂಚಿ! ಯಾವ ಕಡತಗಳ ಸೂಚಿ? ಎಲ್ಲಿವೆ ಕಡತಗಳು?"

"ಹೊರಗೆ ನಿಂತಿವೆ ಸಾರ್."

ಬೀಗಪ್ಪ ಬಾಗಿಲು ತೆರೆದ. ಪಡಸಾಲೆಯ ತುಂಬ ಬೀದಿಯೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಅಜ್ಜಿ, ಒಂದು ತೋಳಿನ ಕುಪ್ಪಸವನ್ನು ಧ್ವಜದಂತೆ ಹಿಡಿದುಕೊಂಡು. ಅವಳ ಹಿಂದೆ ಬೇಸಿಗೆಯಲ್ಲಿ ಉಣ್ಣೆಯ ಕೋಟು ತೊಟ್ಟು ಬೆವರುತ್ತಿರುವ ಮೇಷ್ಟ್ರು, ತೇಪೆ ಹಾಕಿದ ಅಂಗಿಯ ಕ್ಷೌರಿಕ, ಮಗಳ ಪುಟ್ಟ ಫ್ರಾಕನ್ನು ಮಡಚಿ ಹಿಡಿದ ಒಬ್ಬ ತಾಯಿ. ಆ ಮಗಳು ಈಗ ಅವಳಿಗಿಂತ ಎತ್ತರ, ಪಕ್ಕದಲ್ಲಿಯೇ ನಾಚಿಕೊಂಡು ನಿಂತಿದ್ದಳು.

"ಒಳಗೆ ಬರಬಹುದೇನಪ್ಪ?" ಎನ್ನುತ್ತ ಅಜ್ಜಿ ಒಳಗೆ ಬಂದಾಗಿತ್ತು. "ಇದು ನಂದು. ಮುಗಿದಿಲ್ಲ. ಮುಗಿದಿಲ್ಲ ಅಂದ್ರೆ ಚಾಲ್ತಿ ತಾನೇ?"

ಸಾಹೇಬರು ಹಿಂದೆ ಸರಿದರು. ಆದರೆ ತಪಾಸಣೆ ಮಾಡುವವರ ರಕ್ತ. ಡಬ್ಬಿಯಿಂದ ಒಂದು ನೀಲಿ ಗುಂಡಿ ಎತ್ತಿದರು. "ಇದು ಯಾರದ್ದು?"

"ನನ್ನ ಕೋಟಿಂದು," ಎಂದರು ಮೇಷ್ಟ್ರು.

"ಸುಳ್ಳು! ನಮ್ಮ ಹುಡುಗಿ ಫ್ರಾಕಿಂದು!" ಎಂದಳು ತಾಯಿ.

"ನಲವತ್ತು ವರ್ಷ ಪಾಠ ಹೇಳಿದೀನಮ್ಮ, ನನಗೆ ನೀಲಿ ಬಣ್ಣ ಗೊತ್ತಿಲ್ವೇ?"

"ಗೊತ್ತಿದ್ರೆ ಹಿಡಿದು ನೋಡಿ ಮೇಷ್ಟ್ರೇ!"

ಹಿಡಿದು ನೋಡಿದರು. ಫ್ರಾಕಿನದೇ. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು ತಾವೇ ಡಬ್ಬಿಗೆ ಕೈ ಹಾಕಿ ತಮ್ಮದನ್ನು ಹುಡುಕತೊಡಗಿದರು. ಅವರ ಪಕ್ಕಕ್ಕೆ ಕ್ಷೌರಿಕ ಬಂದ. ಎಲ್ಲರೂ ಮೇಜಿಗೆ ಮುತ್ತಿದರು. ಬಾಯಿಗೊಂದು ಮಾತು: ಇದು ನನ್ನ ಮಗ ಕೆಲಸಕ್ಕೆ ಸೇರಿದ ದಿನದ್ದು, ಇದು ನಮ್ಮತ್ತೆದು, ಈ ದಂತದ ಬಣ್ಣದ್ದು ಯಾರದ್ದು, ಅಯ್ಯೋ ಅದು ನಂದಲ್ವೇ. ತಪಾಸಣೆ ಸಾಹೇಬರನ್ನು ಕೇಳುವವರೇ ಇರಲಿಲ್ಲ.

ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಚಿಕ್ಕಪ್ಪ. ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಹೊಟ್ಟೆಯ ಮೇಲೆ ಮುಚ್ಚದೇ ನಿಂತ ಒಂದು ಹಳೆಯ ವಾಸ್ಕೋಟು ತೊಟ್ಟಿದ್ದರು.

"ನನ್ನ ಮದುವೆಗೆ ಹೊಲಿದದ್ದು," ಎಂದರು. "ಅವಳು ಹೊಲಿದ ಮೊದಲನೇದು ಇದೇ. ಒಂದು ಹೆಗಲು ಮೇಲೆ, ಒಂದು ಕೆಳಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದ್ರೆ ಬಿಸಾಕಲಿಲ್ಲ." ಛಾವಣಿ ನೋಡಿದರು.

ಸಾಹೇಬರು ಕೋಟಿನ ಮೇಲಿದ್ದ ಕೈಯನ್ನು ಮೊದಲ ಬಾರಿಗೆ ತೆಗೆದು ಕೈಪಿಡಿಯನ್ನು ಬಿಡಿಸಿದರು. ನಿಧಾನವಾಗಿ ಓದಿದರು.

"ಕಡತಗಳು ಚಾಲ್ತಿಯಲ್ಲಿವೆ," ಎಂದರು. "ಸೂಚಿ ತಪ್ಪು ಕಚೇರಿಗೆ ಬಂದಿದೆ. ಹಿಂದಿರುಗಿಸತಕ್ಕದ್ದು."

"ಸಾರ್, ಕಂಪ್ಯೂಟರಿನಲ್ಲಿ ಅಳಿಸೋಕೆ ಬರಲ್ಲ," ಎಂದ ಬೀಗಪ್ಪ. "ಬೇರೆ ಶಾಖೆಗೆ ವರ್ಗಾಯಿಸೋಕೆ ಬರುತ್ತೆ. ಯಾವ ಶಾಖೆ ಅಂತ ಬರೀಲಿ?"

ಸಾಹೇಬರು ಹುಡುಕಪ್ಪನ ಕಡೆ ನೋಡಿದರು. "ಇದು ಮೊದಲು ಎಲ್ಲಿ ಇರುತ್ತಿತ್ತು?"

"ಅಕ್ಕನ ಕೋಣೇಲಿ ಸಾರ್."

"ಹಾಗೇ ಬರೀರಿ."

ಬೀಗಪ್ಪ ಬರೆದ. ಆ ಕಚೇರಿಯ ಕಂಪ್ಯೂಟರಿನಲ್ಲಿ ಇವತ್ತಿಗೂ ಹುಡುಕಿದರೆ ಸಿಗುತ್ತದೆ. ದಾಖಲೆ: ಸೂಚಿ. ವರ್ಗ: ಶಾಶ್ವತ. ಶಾಖೆ: ಅಕ್ಕನ ಕೋಣೆ. ಅದನ್ನು ಅಳಿಸಲು ಯಾವ ಮಂತ್ರಿಗೂ ಸಾಧ್ಯವಿಲ್ಲ.

ಸಾಹೇಬರು ಸಹಿ ಮಾಡುತ್ತಿದ್ದಾಗ ಅಜ್ಜಿಯ ಕಣ್ಣು ಅವರ ಕೋಟಿನ ಮೇಲೆ ಬಿತ್ತು. "ಇದೇನಪ್ಪ, ಇಷ್ಟು ದೊಡ್ಡ ಸಾಹೇಬರು, ಎದೆ ಮೇಲೆ ಗುಂಡಿ ಇಲ್ಲ! ಮನೇಲಿ ಯಾರೂ ನೋಡಲ್ವಾ?"

"ಮನೇಲಿ ಯಾರೂ ಇಲ್ಲ ಅಜ್ಜಿ," ಎಂದರು ಸಾಹೇಬರು, ಸಹಿಯಿಂದ ತಲೆ ಎತ್ತದೆ.

ಅಜ್ಜಿ ಡಬ್ಬಿಯನ್ನು ಕಲಕಿ ಒಂದು ಕಪ್ಪು ಗುಂಡಿ ತೆಗೆದಳು. ಕುಪ್ಪಸಕ್ಕೆ ಚುಚ್ಚಿದ್ದ ಸೂಜಿದಾರ ಹೇಗೂ ಇತ್ತು.

"ಅಜ್ಜಿ, ಬೇಡ, ಅದು ದಾಖಲೆಯ ಭಾಗ..."

"ಅಲ್ಲಾಡಬೇಡ, ಚುಚ್ಚೀತು."

ಮೇಡಂ, ಬೀಗಪ್ಪ, ಬೀದಿಯ ಜನ, ಎಲ್ಲರ ಎದುರಿಗೆ ತಪಾಸಣೆ ಸಾಹೇಬರು ಕತ್ತು ಎತ್ತಿ ಮಗುವಿನಂತೆ ನಿಂತರು. ಗುಂಡಿ ಉಳಿದವಕ್ಕೆ ಹೊಂದುತ್ತಿರಲಿಲ್ಲ, ಸ್ವಲ್ಪ ದೊಡ್ಡದು. ಅವರು ಅದನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. ಹೊರಡುವಾಗ ಎರಡೂ ಕೈ ಬೀಸಿಕೊಂಡು ಹೋದರು.

ಮನೆಗೆ ಬಂದು ಹುಡುಕಪ್ಪ ಡಬ್ಬಿಯನ್ನು ಯಂತ್ರದ ಮೇಲೆ ಅದರ ಜಾಗದಲ್ಲಿ ಇಟ್ಟ. ಮುಚ್ಚಳ ತೆಗೆದ. ಕೈ ಹಾಕಿದ, ಕಲಕಿದ. ಗುಂಡಿಗಳು ಬೆರಳ ಸಂದಿಯಲ್ಲಿ ತಣ್ಣಗೆ ಜಾರಿದವು. ಯಂತ್ರದ ಸದ್ದಿಗಾಗಿ ಒಂದು ಗಳಿಗೆ ಕಾದ. ಆ ಸದ್ದು ಬರಲಿಲ್ಲ. ಆಗ ಅವನು ಡಬ್ಬಿಯಿಂದ ಕೈ ತೆಗೆಯದೆ, ನಿಂತಲ್ಲಿಯೇ, ಚಡ್ಡಿ ಹುಡುಗನಂತೆ ಗೋಳೋ ಎಂದು ಅತ್ತ.

ಬಾಗಿಲಿಗೆ ಓಡಿಬಂದ ಹೆಂಡತಿಯನ್ನು ಚಿಕ್ಕಪ್ಪ ತಡೆದರು. "ಬಿಡಮ್ಮ. ಅಳಲಿ. ಬಾಕಿ ಇತ್ತು." ಅವರೂ ಕಣ್ಣೊರೆಸಿಕೊಂಡರು. ಯಂತ್ರದ ಮೇಲಿನ ಹಳದಿ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಸೊಸೆಯ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಸಂಜೆ ಅಜ್ಜಿಯ ಕುಪ್ಪಸದ ಎರಡನೆಯ ತೋಳು ಕೂಡಿಸಲು ಹೆಂಡತಿ ಯಂತ್ರದ ಮುಂದೆ ಕೂತಳು. ಬಹಳ ಕಾಲದಿಂದ ಯಂತ್ರದ ಒಂದು ಕಾಲು ಕುಂಟುತ್ತಿತ್ತು. ಏನಾದರೂ ಕೊಡಿ ಅಂದಳು. ಹುಡುಕಪ್ಪ ಅತ್ತ ಇತ್ತ ಹುಡುಕಿ ಕೊನೆಗೆ ತನ್ನ ಕಂಕುಳಲ್ಲಿದ್ದ ಕೈಪಿಡಿಯನ್ನು ಕಂಡು, ಅದನ್ನು ಕಾಲಿನ ಕೆಳಗೆ ಸಿಕ್ಕಿಸಿದ. ಅಳತೆ ಮಾಡಿಸಿದಂತೆ ಕೂತಿತು. ತೋಳು ಮಾತ್ರ ಸೊಟ್ಟಗೆ ಬಂತು, ಒಂದು ಹೆಗಲು ಮೇಲೆ, ಒಂದು ಕೆಳಗೆ. ಅಜ್ಜಿ ತೊಟ್ಟುಕೊಂಡು ಇದೇ ಸರಿ ಎಂದಳು.

ದೀಪ ಹಚ್ಚಿದ ಮೇಲೆ ಹುಡುಕಪ್ಪ ಕೈಮುಗಿದು ನಿಂತ. ಪ್ರಾರ್ಥನೆಯ ಶ್ಲೋಕಗಳನ್ನು ಅಕ್ಕ ಕಲಿಸಿದ್ದಳು. ಈಗ ಒಂದೂ ಸಿಗಲಿಲ್ಲ. ಸಿಕ್ಕಿದ ಮಾತುಗಳಲ್ಲಿಯೇ ಬೇಡಿಕೊಂಡ.

"ದೇವರೇ, ನಮ್ಮಕ್ಕ ನಿನ್ನ ಹತ್ತಿರ ಬಂದಿದ್ದಾಳೆ. ಅವಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಅಂತ ಯಾರ ಪುಸ್ತಕವನ್ನೂ ನೋಡಬೇಡ. ಬಗ್ಗಿ ಬಗ್ಗಿ ಅವಳ ಬೆನ್ನು ಸೋತಿದೆ, ಒರಗಲು ಜಾಗ ಕೊಡು. ಸೂಜಿಗೆ ದಾರ ಪೋಣಿಸಿ ಕಣ್ಣು ಸೋತಿದೆ, ತಂಪು ಬೆಳಕು ಕೊಡು. ಕನ್ನಡಕ ಇಲ್ಲೇ ಉಳಿದುಬಿಟ್ಟಿತು, ಅವಳು ಹುಡುಕದ ಹಾಗೆ ನೋಡಿಕೋ. ಇಲ್ಲಿ ನಾವು ಹೇಗೋ ಹೊಲಿದುಕೊಳ್ಳುತ್ತೇವೆ. ಅವಳಿಗೆ ಶಾಂತಿ ಕೊಡು ತಂದೆ. ಅವಳ ಕೈಗೆ ವಿಶ್ರಾಂತಿ ಕೊಡು."